ಹೆಸರು ಕೇಳುವ ಧರ್ಮ



ಜೂನ್ ತಿಂಗಳ ಎರಡನೆಯ ವಾರದಿಂದ ಡಿಸೆಂಬರ್ ಮೊದಲ ವಾರದವರೆಗೆ ಇಂಗ್ಲೆಂಡಿನಲ್ಲಿರುವ ಮಗನ ಮನೆಯಲ್ಲಿದ್ದು ಅರಸೀಕೆರೆಗೆ ಮರಳಿದ ಮೇಲೆ, ಮಠದ ಭಕ್ತರನೇಕರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಅಲ್ಲಿ ಏನೇನು ನೋಡಿದಿರಿ?" ಅರಮನೆ, ಸೇತುವೆ, ವಸ್ತುಸಂಗ್ರಹಾಲಯಗಳ ಹೆಸರನ್ನು ಹೇಳಿದರೆ ಅವರಿಗೂ ಸಮಾಧಾನ, ನನಗೂ ಸುಲಭ. ಆದರೆ ಈ ಆರು ತಿಂಗಳಲ್ಲಿ ನನ್ನನ್ನು ನಿಜವಾಗಿ ಕಲಕಿದವು ದಿನದಿನವೂ ಎದುರಾದ ಚಿಕ್ಕ ಚಿಕ್ಕ ಸಂಗತಿಗಳು. ಅವುಗಳಲ್ಲಿ ಕೆಲವು ನಮ್ಮ ಶರಣರ ಮಾತಿಗೆ ಕನ್ನಡಿ ಹಿಡಿದವು. ಒಂದಂತೂ ನನ್ನ ಮುಖಕ್ಕೇ ಕನ್ನಡಿ ಹಿಡಿದು ನಾಚಿಸಿತು. ಅದನ್ನು ಮುಚ್ಚಿಡದೆ ಬರೆಯಬೇಕೆಂದು ಈ ಲೇಖನ. ಇಲ್ಲಿ ನೆನೆಯುವ ವಚನಗಳ ಪಾಠ ಎಲ್ಲ ಭಕ್ತರ ನಾಲಗೆಯ ಮೇಲೆಯೇ ಇರುವುದರಿಂದ ಅದನ್ನು ಮತ್ತೆ ಬರೆಯದೆ, ಆಶಯವನ್ನಷ್ಟೇ ಹೇಳುತ್ತೇನೆ.

ಮೊದಲ ಅರಿವು ದಾರಿಯಲ್ಲಿಯೇ ಆಯಿತು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಕೊರಳಿನ ಕರಡಿಗೆಯನ್ನು ಕಂಡ ಅಧಿಕಾರಿಯೊಬ್ಬರು ಅದೇನೆಂದು ಕೇಳಿದರು. ಬೆಳ್ಳಿಯ ಕರಡಿಗೆಯನ್ನು ಪರರ ಕೈಗೆ ಕೊಡಬೇಕಾದೀತೇನೋ ಎಂದು ನನಗೆ ಎದೆ ಢವಢವ ಎನ್ನುತ್ತಿತ್ತು. ಇದು ನಾನು ನಿತ್ಯ ಪೂಜಿಸುವ ಲಿಂಗ, ದೇಹದಿಂದ ಅಗಲಿಸುವ ವಾಡಿಕೆಯಿಲ್ಲ ಎಂದು ನನಗೆ ತಿಳಿದ ಭಾಷೆಯಲ್ಲಿ ಹೇಳಿದೆನು. ಆತನು ಎರಡು ಹೆಜ್ಜೆ ಹಿಂದೆ ಸರಿದು, "ಹಾಗಾದರೆ ತಾವೇ ತೆರೆದು ತೋರಿಸುತ್ತೀರಾ? ನಾನು ಮುಟ್ಟುವುದಿಲ್ಲ" ಎಂದನು. ತೆರೆದು ತೋರಿಸಿದೆ. ಕೈಮುಗಿಯಲು ತಿಳಿಯದ ಆ ಮನುಷ್ಯ ತಲೆಯನ್ನು ಸ್ವಲ್ಪ ಬಾಗಿಸಿ, ಹೋಗಿ ಎಂದು ಸನ್ನೆ ಮಾಡಿದನು. ಭಕ್ತಿಯನ್ನು ಅರಿಯದವನೂ ಭಕ್ತನನ್ನು ಗೌರವಿಸಬಲ್ಲನೆಂಬುದನ್ನು ನನ್ನ ಅರವತ್ತೆಂಟನೆಯ ವಯಸ್ಸಿನಲ್ಲಿ ಆ ಸಾಲಿನಲ್ಲಿ ನಿಂತು ಕಲಿತೆನು.

ಮಗನಿರುವುದು ಲಂಡನ್ನಿನಿಂದ ರೈಲಿನಲ್ಲಿ ಒಂದು ಗಂಟೆಯ ದೂರದ ಚಿಕ್ಕ ಊರು. ಅಲ್ಲಿ ನನಗೆ ಮೊದಲು ತಪ್ಪಿದ್ದು ಹೊತ್ತಿನ ಲೆಕ್ಕ. ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತು ಗಂಟೆಯಾದರೂ ಸೂರ್ಯ ಮುಳುಗುವುದಿಲ್ಲ. ಡಿಸೆಂಬರ್ ಬಂದಾಗ ಮಧ್ಯಾಹ್ನದ ನಾಲ್ಕಕ್ಕೆ ಮುಂಚೆಯೇ ಕತ್ತಲು. ಸಂಜೆಯ ಪೂಜೆಗೆ ಕೂರುವುದು ಯಾವಾಗ? ಅರಸೀಕೆರೆಯಲ್ಲಿ ಈ ಪ್ರಶ್ನೆ ನನಗೆ ಹುಟ್ಟಿದ್ದೇ ಇಲ್ಲ. ಸೂರ್ಯ, ದೀಪ, ಪೂಜೆ ಮೂರೂ ಒಟ್ಟಿಗೆ ನಡೆಯುತ್ತಿದ್ದವು. ಕೆಲವು ದಿನ ಗೊಂದಲಪಟ್ಟು, ಕೊನೆಗೆ ಮನೆಯ ಮಂದಿಯೆಲ್ಲ ಕೆಲಸದಿಂದ ಮರಳುವ ಹೊತ್ತೇ ಸಂಜೆ ಎಂದು ನಿಶ್ಚಯಿಸಿದೆನು. ಆಗ ಹೊಳೆದದ್ದು, ಇಷ್ಟಲಿಂಗದ ಮಹಿಮೆ. ನಮ್ಮ ಜಿಲ್ಲೆಯ ಕಲ್ಲಿನ ಗುಡಿಗಳ ಸೊಬಗಿಗೆ ಜಗತ್ತೇ ತಲೆದೂಗುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು, ಹಳೇಬೀಡಿನ ಹೊಯ್ಸಳೇಶ್ವರ ಅದೇ ಶತಮಾನದ್ದು, ನಮ್ಮ ಅರಸೀಕೆರೆಯ ಶಿವಾಲಯ 1220ರ ಸುಮಾರಿನದು. ಅವುಗಳಲ್ಲಿ ಒಂದನ್ನಾದರೂ ಹೊತ್ತುಕೊಂಡು ಕಡಲು ದಾಟಲು ಸಾಧ್ಯವೇ? ಬೇಲೂರಿನಲ್ಲಿ ಉಳಿಯ ಸದ್ದು ಕೇಳುತ್ತಿದ್ದ ಅದೇ ಶತಮಾನದಲ್ಲಿ ಕಲ್ಯಾಣದ ಶರಣರು ದೇಹವನ್ನೇ ದೇಗುಲವೆಂದು ಸಾರಿ, ಬಡವನೂ ಬಟ್ಟೆಯಲ್ಲಿ ಕಟ್ಟಿಕೊಂಡು ಒಯ್ಯಬಲ್ಲ ದೇವರನ್ನು ಕೊಟ್ಟರು. ಸ್ಥಾವರ ಮತ್ತು ಜಂಗಮ ಎಂಬ ಎರಡು ಮಾತುಗಳ ಅಂತರ ನನಗೆ ಪುಸ್ತಕದಲ್ಲಿ ಗೊತ್ತಿತ್ತು. ಕಿಟಕಿಯಾಚೆ ಮಂಜು ಕವಿದ ಪರದೇಶದ ಕೋಣೆಯಲ್ಲಿ ಅದು ಅಂಗೈಗೆ ಬಂದಿತು.

ಇನ್ನು ದಿನನಿತ್ಯದ ಸಂಗತಿಗಳು. ಮಗನ ಮನೆಯ ನಲ್ಲಿ ಕೆಟ್ಟಾಗ ದುರಸ್ತಿಗೆ ಬಂದವನು ಕೈಕುಲುಕಿ ತನ್ನ ಹೆಸರು ಹೇಳಿದನು. ಸೊಸೆ ಅವನಿಗೆ ನಾವು ಕುಡಿಯುವ ಲೋಟಗಳಲ್ಲಿ ಒಂದರಲ್ಲಿಯೇ ಚಹಾ ಕೊಟ್ಟಳು. ಅವನು ನನ್ನ ಎದುರಿನ ಕುರ್ಚಿಯಲ್ಲಿ ಕುಳಿತು ಕುಡಿದು, ಹವಾಮಾನದ ಮಾತನಾಡಿ, ಕೂಲಿ ಪಡೆದು ಹೋದನು. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಚಾಲಕನಿಗೆ ವಂದನೆ ಹೇಳಿ ಇಳಿಯುತ್ತಾರೆ. ನಾನು ಎರಡನೆಯ ವಾರದಿಂದ ಹೇಳಲು ಕಲಿತೆ. ಸರ್ಕಾರಿ ಬಸ್ಸಿನಲ್ಲಿ ಅರಸೀಕೆರೆಯಿಂದ ಹಾಸನಕ್ಕೆ ಮೂವತ್ತು ವರ್ಷ ಓಡಾಡಿದ ನಾನು ಒಬ್ಬ ಚಾಲಕನಿಗೂ ಹಾಗೆ ಹೇಳಿದ ನೆನಪಿಲ್ಲ. ಊರಿನ ಮುಖ್ಯ ಬೀದಿಯಲ್ಲಿ ಜನರು ದಾನವಾಗಿ ಕೊಟ್ಟ ಹಳೆಯ ಬಟ್ಟೆ, ಪುಸ್ತಕ, ಪಾತ್ರೆಗಳನ್ನು ಮಾರಿ ಸೇವಾಕಾರ್ಯಕ್ಕೆ ಹಣ ಕೂಡಿಸುವ ಅಂಗಡಿಗಳಿವೆ. ಅಲ್ಲಿ ನನ್ನ ವಯಸ್ಸಿನ ನಿವೃತ್ತರು ಸಂಬಳವಿಲ್ಲದೆ ನಿಂತು ಬಟ್ಟೆ ಮಡಿಸುತ್ತಾರೆ. ಮನೆಯ ಕಸವನ್ನು ಮನೆಯವರೇ ಬೇರೆಬೇರೆ ಮಾಡಿ, ತೊಟ್ಟಿಯನ್ನು ತಾವೇ ಎಳೆದು ಬೀದಿಯಂಚಿಗೆ ಇಡುತ್ತಾರೆ. ದೊಡ್ಡ ಹುದ್ದೆಯಲ್ಲಿರುವ ನೆರೆಮನೆಯ ಯಜಮಾನನೂ ಅದೇ ಕೆಲಸ ಮಾಡುವುದನ್ನು ಕಂಡೆನು.

ಇವೆಲ್ಲ ಸಣ್ಣ ಸಂಗತಿಗಳೇ ಹೌದು. ಆದರೆ ಕಾಯಕತತ್ತ್ವವನ್ನು ಕುರಿತು ವೇದಿಕೆಯ ಮೇಲೆ ನಾನು ಮಾಡಿದ ಭಾಷಣಗಳೆಲ್ಲವೂ ಆ ಚಹಾ ಲೋಟದ ಮುಂದೆ ಹಗುರವಾದವು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂದು ನಾವು ಶರಣರನ್ನು ಅವರ ಕಾಯಕದೊಡನೆಯೇ ನೆನೆಯುತ್ತೇವೆ. ಅಗಸನ ಕೆಲಸ, ದೋಣಿ ನಡೆಸುವ ಕೆಲಸ, ಹಗ್ಗ ಹೊಸೆಯುವ ಕೆಲಸ ಹೆಸರಿಗೆ ಅಲಂಕಾರವಾದದ್ದು ನಮ್ಮ ಪರಂಪರೆಯಲ್ಲಿ. ಹಾಗಿದ್ದೂ ನಮ್ಮ ಮನೆಗಳಲ್ಲಿ ಕೆಲಸಕ್ಕೆ ಬಂದವರ ಲೋಟ ಇಂದಿಗೂ ಬೇರೆಯ ಗೂಡಿನಲ್ಲಿ ಕುಳಿತಿದೆಯೆಂದರೆ, ತತ್ತ್ವ ನಮ್ಮದು, ಆಚರಣೆ ಯಾರದು?

ಇಷ್ಟನ್ನು ಓದಿ, "ಪರದೇಶಕ್ಕೆ ಹೋಗಿ ಬಂದವರೆಲ್ಲ ಹೀಗೆಯೇ ನಮ್ಮನ್ನು ಹೀಗಳೆಯುತ್ತಾರೆ" ಎಂದು ಯಾರಾದರೂ ಬೇಸರಪಟ್ಟರೆ, ಅವರ ಬೇಸರದಲ್ಲಿಯೂ ನ್ಯಾಯವಿದೆ. ಆ ನಾಡು ಕೈಲಾಸವಲ್ಲ. ಮಗನ ಮನೆಯ ಎದುರಿನ ವೃದ್ಧೆಯೊಬ್ಬರ ಬಾಗಿಲನ್ನು ವಾರಗಟ್ಟಲೆ ಯಾರೂ ತಟ್ಟಿದ್ದನ್ನು ನಾನು ಕಾಣಲಿಲ್ಲ. ಸೊಸೆ ಒಂದು ದಿನ ಹೋಳಿಗೆ ಕೊಟ್ಟು ಬರಲು ಹೋದಾಗ ಆಕೆ ಒಂದು ಗಂಟೆ ಹೊತ್ತು ಬಿಡದೆ ಮಾತನಾಡಿದರಂತೆ. ಜನರ ಒಂಟಿತನ ಎಷ್ಟು ಬೆಳೆದಿದೆಯೆಂದರೆ, 2018ರ ಜನವರಿಯಲ್ಲಿ ಆ ದೇಶದ ಸರ್ಕಾರವು ಒಂಟಿತನದ ವಿಷಯವನ್ನು ನೋಡಿಕೊಳ್ಳಲೆಂದೇ ಒಬ್ಬ ಸಚಿವರಿಗೆ ಹೊಣೆ ವಹಿಸಿತು. ಚಾಲಕನಿಗೆ ವಂದನೆ ಹೇಳುವ ಜನರೇ ನೆರೆಮನೆಯ ಮುಪ್ಪಿನವರನ್ನು ಮರೆಯಬಲ್ಲರು. ಶಿಷ್ಟಾಚಾರ ಬೇರೆ, ಅಂತಃಕರಣ ಬೇರೆ. ಎರಡೂ ಕೂಡಿದಾಗಲೇ ದಾಸೋಹ. ಅಂಥ ದಾಸೋಹವನ್ನು ನಾನು ಅಲ್ಲಿ ಕಂಡದ್ದು ಲಂಡನ್ನಿನ ಸೌತಾಲ್ ಎಂಬಲ್ಲಿನ ಸಿಖ್ಖರ ಗುರುದ್ವಾರದಲ್ಲಿ. ಬಂದವರು ಯಾರೆಂದು ಕೇಳದೆ ಸಾಲಿನಲ್ಲಿ ಕೂರಿಸಿ ಬಡಿಸಿದರು. ನನ್ನ ಪಕ್ಕದಲ್ಲಿ ಆ ಧರ್ಮಕ್ಕೆ ಸೇರದ, ಬೀದಿಯಲ್ಲಿ ಮಲಗುವವನಂತೆ ತೋರುತ್ತಿದ್ದ ಬಿಳಿಯ ಯುವಕನೊಬ್ಬ ಉಣ್ಣುತ್ತಿದ್ದನು. ನಮ್ಮ ಮಠದ ಪ್ರಸಾದ ನಿಲಯ ನೆನಪಾಗಿ ಕಣ್ಣು ತುಂಬಿತು.

ಈಗ ನನ್ನನ್ನು ನಾಚಿಸಿದ ಸಂಗತಿಗೆ ಬರುತ್ತೇನೆ. ಮನೆಯ ಬೀದಿಯ ಕೊನೆಯಲ್ಲೊಂದು ಚಿಕ್ಕ ಅಂಗಡಿ. ಹಾಲು ತರಲು ನಾನು ದಿನವೂ ಹೋಗುತ್ತಿದ್ದೆ. ಮೂರನೆಯ ದಿನವೇ ಅಂಗಡಿಯ ಹೆಣ್ಣುಮಗಳು ನನ್ನ ಹೆಸರು ಕೇಳಿದಳು. ಹೇಳಿದೆ. ಅದು ಅವಳ ನಾಲಗೆಗೆ ಹೊರಳಲಿಲ್ಲ. ನಕ್ಕು ಸುಮ್ಮನಾಗುತ್ತಾಳೆಂದು ನಾನು ತಿಳಿದರೆ, ಅವಳು ಮತ್ತೆ ಹೇಳಿಸಿಕೊಂಡಳು. ಮಾರನೆಯ ದಿನ ಇನ್ನೊಮ್ಮೆ. ವಾರ ಕಳೆಯುವುದರೊಳಗೆ ನನ್ನ ಹೆಸರನ್ನು ನಮ್ಮ ಊರಿನವರಂತೆಯೇ ಕರೆದು, "ಸರಿಯಾಯಿತೇ?" ಎಂದು ಕೇಳಿದಳು. ಆ ದಿನ ನಾನು ಆ ಊರಿನಲ್ಲಿ ಮೊದಲ ಬಾರಿಗೆ ಪರದೇಶಿಯಾಗಿರಲಿಲ್ಲ. ಹಾಲಿನ ಚೀಲ ಹಿಡಿದು ಮನೆಗೆ ಬರುವ ದಾರಿಯಲ್ಲಿ, ಎಲ್ಲಿಂದಲೋ ಒಬ್ಬ ಹುಡುಗನ ಮುಖ ಕಣ್ಣ ಮುಂದೆ ಬಂದಿತು.

ಬೇಲೂರು ತಾಲ್ಲೂಕಿನ ಅರೇಹಳ್ಳಿಯ ಕಡೆ ನನ್ನ ಭಾವಮೈದುನನ ಕಾಫಿ ತೋಟವಿದೆ. ನಿವೃತ್ತನಾದ ಮೇಲೆ ಸುಗ್ಗಿಯ ತಿಂಗಳುಗಳಲ್ಲಿ ಅಲ್ಲಿಗೆ ಹೋಗಿ ಲೆಕ್ಕ ಬರೆದುಕೊಡುವುದು ನನ್ನ ರೂಢಿ. ಹಿಂದೆ ಹಣ್ಣು ಕೊಯ್ಯಲು ಬಯಲುಸೀಮೆಯಿಂದ ಜನ ಬರುತ್ತಿದ್ದರು. ಈಚಿನ ವರ್ಷಗಳಲ್ಲಿ ಅಸ್ಸಾಮ್, ಬಂಗಾಳದ ಕಡೆಯವರು ಬರುತ್ತಿದ್ದಾರೆ. ಅವರಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ ಎರಡು ಸುಗ್ಗಿ ನಮ್ಮ ಲೈನ್ ಮನೆಯಲ್ಲಿದ್ದನು. ಚೀಲ ತೂಗುವಾಗ ತಕ್ಕಡಿಯ ಬಳಿ ನಿಲ್ಲುತ್ತಿದ್ದವನು ಅವನೇ. ನನಗೆ ಮೆಟ್ಟಿಲು ಹತ್ತಲು ಕಷ್ಟವೆಂದು ತಿಳಿದು, ಕೇಳದೆಯೇ ಕೈ ಕೊಡುತ್ತಿದ್ದವನು ಅವನೇ. ಅವನನ್ನು ನಾವೆಲ್ಲರೂ "ಬಾಯ್" ಎಂದು ಕರೆಯುತ್ತಿದ್ದೆವು. ಲೆಕ್ಕದ ಪುಸ್ತಕದಲ್ಲಿ ಅವರ ಗುಂಪಿಗೆ ಮೇಸ್ತ್ರಿಯ ಹೆಸರಿತ್ತು. ಅದರ ಮುಂದೆ ತಲೆಗಳ ಸಂಖ್ಯೆಯಿತ್ತು. ಆ ಪುಸ್ತಕ ಬರೆದವನು ನಾನೇ. ಎರಡು ಸುಗ್ಗಿ ನನಗೆ ಕೈ ಕೊಟ್ಟವನ ಹೆಸರೇನೆಂದು ನನಗೆ ತಿಳಿಯದು. ಮೂರು ದಿನ ಹಾಲು ಕೊಂಡ ನನ್ನ ಹೆಸರನ್ನು ಒಬ್ಬ ಅಂಗಡಿಯವಳು ಕಷ್ಟಪಟ್ಟು ಕಲಿತಳು!

ಆ ರಾತ್ರಿ ಮೊಮ್ಮಗಳಿಗೆ ಶರಣರ ಕಥೆ ಹೇಳುವ ಸರದಿ. ನಾನು ಬೇಕೆಂದೇ ಪರನಾಡಿನಿಂದ ಬಂದ ಶರಣರನ್ನು ಆರಿಸಿಕೊಂಡೆನು. ಕಾಶ್ಮೀರದ ಅರಸನಾಗಿದ್ದು, ರಾಜ್ಯವನ್ನು ಬಿಟ್ಟು ಮಡದಿಯೊಡನೆ ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿದನೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯನ ಕಥೆ. ಬಸವಣ್ಣನವರು ಗುಟ್ಟಾಗಿ ಇರಿಸಿ ಹೋದ ಹೊನ್ನನ್ನು, ಇದು ನನ್ನ ಕಾಯಕದಿಂದ ಬಂದುದಲ್ಲವೆಂದು ಆತನು ಜಂಗಮರಿಗೆ ಹಂಚಿದ ಪ್ರಸಂಗ. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ ಬಂದ ಆದಯ್ಯನ ಕಥೆ. ಆತನು ತನ್ನ ನಾಡಿನ ಸೋಮೇಶ್ವರನನ್ನೇ ಅಂಕಿತವಾಗಿ ಇರಿಸಿಕೊಂಡು, ನಮ್ಮ ಭಾಷೆಯಲ್ಲಿ ವಚನಗಳನ್ನು ರಚಿಸಿದ ಸೋಜಿಗ. ಕೊನೆಗೆ, ಆಫ್ಘಾನಿಸ್ತಾನದ ಕಡೆಯಿಂದ ಬಂದನೆನ್ನಲಾಗುವ ಮರುಳಶಂಕರದೇವರ ಕಥೆ. ಬಸವಣ್ಣನವರ ಮಹಾಮನೆಯಲ್ಲಿ ಪ್ರಸಾದದ ನೆಲೆಯಲ್ಲಿ ಮರುಳನಂತೆ ಹನ್ನೆರಡು ವರ್ಷ ಇದ್ದರೂ ಯಾರಿಗೂ ಗುರುತು ಸಿಗದೆ, ಅಲ್ಲಮಪ್ರಭುದೇವರು ಬಂದು ಗುರುತಿಸಿದ ಪ್ರಸಂಗವನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ಹೇಳುತ್ತದೆ.

ಈ ಪ್ರಸಂಗವನ್ನು ನಾನು ಹತ್ತಾರು ಬಾರಿ ಉಪನ್ಯಾಸಗಳಲ್ಲಿ ಹೇಳಿದ್ದೇನೆ. ಮರುಳಶಂಕರದೇವರ ಗುಪ್ತಭಕ್ತಿಯನ್ನು, ಪ್ರಭುದೇವರ ದಿವ್ಯದೃಷ್ಟಿಯನ್ನು ಕೊಂಡಾಡಿದ್ದೇನೆ. ಆದರೆ ಮೊಮ್ಮಗಳು ಕೇಳಿದ ಪ್ರಶ್ನೆಯನ್ನು ಅಂದಿನವರೆಗೆ ಒಬ್ಬ ಶ್ರೋತೃವೂ ಕೇಳಿರಲಿಲ್ಲ. "ತಾತ, ಹನ್ನೆರಡು ವರ್ಷ ಒಂದೇ ಮನೇಲಿದ್ರೂ ಅವರ ಹೆಸರು ಏನು ಅಂತ ಯಾರೂ ಕೇಳಲೇ ಇಲ್ಲವಾ?"

ನನಗೆ ಉತ್ತರ ಹೊಳೆಯಲಿಲ್ಲ. ಆದರೆ ಆ ಪ್ರಸಂಗವನ್ನು ಶರಣರು ಏಕೆ ಉಳಿಸಿಕೊಂಡು ಬಂದರೆಂಬುದು ಹೊಳೆಯಿತು. ಬಂದವನ ಕುಲವನ್ನು ವಿಚಾರಿಸದೆ ಮನೆಯ ಮಗನಂತೆ ಕಾಣಬೇಕೆಂದು ಬೋಧಿಸಿದ ಬಸವಣ್ಣನವರ ಮಹಾಮನೆಯಲ್ಲಿಯೇ ಒಬ್ಬ ಪರನಾಡಿನ ಮಹಾತ್ಮನು ಯಾರ ಕಣ್ಣಿಗೂ ಬೀಳದೆ ಉಳಿದನು. ಅಲ್ಲಿ ಅನ್ನಕ್ಕೆ ಕೊರತೆಯಿರಲಿಲ್ಲ, ಪ್ರೀತಿಗೂ ಕೊರತೆಯಿರಲಿಲ್ಲ. ಕೊರತೆಯಾದದ್ದು ಗುರುತಿಸುವ ಕಣ್ಣಿಗೆ. ಇದನ್ನು ನಮ್ಮ ಹಿರಿಯರು ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಮಹಾಮನೆಯಲ್ಲಿಯೇ ಹೀಗಾಗಬಹುದಾದರೆ ನಿಮ್ಮ ಮನೆಯಲ್ಲಿ ಎಷ್ಟು ಎಚ್ಚರವಿರಬೇಕು ಎಂಬ ಪಾಠವನ್ನು ಮುಂದಿನವರಿಗಾಗಿ ಬಿಟ್ಟರು. ಅನ್ನವಿಕ್ಕುವುದು ದಾಸೋಹದ ಮೊದಲ ಮೆಟ್ಟಿಲು. ಉಂಡವನು ಯಾರೆಂದು ಅರಿಯುವುದು ಎರಡನೆಯದು. ಕುಲ ಕೇಳಬಾರದೆಂಬುದನ್ನು ನಾವು ಹೆಸರೂ ಕೇಳಬಾರದೆಂದು ಅರ್ಥ ಮಾಡಿಕೊಂಡೆವೇನೋ! ಕುಲ ಕೇಳುವುದು ಮನುಷ್ಯನನ್ನು ಅಳೆಯಲು. ಹೆಸರು ಕೇಳುವುದು ಮನುಷ್ಯನನ್ನು ಕರೆಯಲು.

ಬೇಲೂರಿನ ಗುಡಿಯೂ ಇದೇ ಮಾತನ್ನು ಕಲ್ಲಿನಲ್ಲಿ ಹೇಳುತ್ತಿದೆ. ಅಲ್ಲಿನ ಮದನಿಕೆಯರ ಶಿಲ್ಪಗಳ ಬಳಿ ಶಿಲ್ಪಿಗಳ ಹೆಸರನ್ನು ಕೊರೆದಿರುವುದನ್ನು ಭಕ್ತರು ಗಮನಿಸಿರಬಹುದು. ಅವರಲ್ಲಿ ದಾಸೋಜ ಮತ್ತು ಅವನ ಮಗ ಚಾವಣ ಪ್ರಸಿದ್ಧರು. ಅವರು ಬೇಲೂರಿನವರಲ್ಲ, ಬಳ್ಳಿಗಾವೆಯವರು. ಅಲ್ಲಮಪ್ರಭುದೇವರ ಜನ್ಮಸ್ಥಳವೆಂದು ನಾವು ನಂಬುವ ಅದೇ ಬಳ್ಳಿಗಾವೆ. ಕೂಲಿ ಅರಸಿ ಬಂದ ಪರಊರಿನ ಕುಶಲಕರ್ಮಿಗಳ ಹೆಸರನ್ನು ಒಂಬೈನೂರು ವರ್ಷದ ಹಿಂದೆ ಕಲ್ಲಿನಲ್ಲಿ ಕೊರೆಯಲು ಅವಕಾಶವಿತ್ತು. ಅದೇ ತಾಲ್ಲೂಕಿನ ತೋಟದ ಪುಸ್ತಕದಲ್ಲಿ, ಇಂದು, ನನ್ನ ಕೈಬರಹದಲ್ಲಿ, ಒಬ್ಬ ಕೂಲಿಯ ಹೆಸರು ಬರೆಯಲು ಒಂದು ಸಾಲು ಜಾಗ ದೊರೆಯಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲ ಸಂಭ್ರಮಪಟ್ಟೆವು. ಕ್ಯಾಮೆರಾ ತೂಗಿಕೊಂಡು ಬರುವ ವಿದೇಶಿಯರಿಗೆ ನಕ್ಕು ಕೈಮುಗಿಯುತ್ತೇವೆ, ಎಳನೀರು ಕೊಚ್ಚಿ ಕೊಡುತ್ತೇವೆ, ಯಾವ ದೇಶವೆಂದು ಕೇಳುತ್ತೇವೆ. ಅದೇ ಬಸ್ ನಿಲ್ದಾಣದಲ್ಲಿ ಗಂಟುಮೂಟೆಯೊಡನೆ ಕುಳಿತ ಅಸ್ಸಾಮಿನ ಸಂಸಾರವನ್ನು ಯಾವ ಊರೆಂದು ಕೇಳುವವರಿಲ್ಲ. ಒಬ್ಬನು ಅತಿಥಿ, ಇನ್ನೊಬ್ಬನು ಆಳು. ಇಬ್ಬರೂ ದೂರದಿಂದ ಬಂದವರೇ ಅಲ್ಲವೇ?

ಹಳೇಬೀಡಿನಲ್ಲಿ ನಮ್ಮ ಸಮಾಜದ ಹಿರಿಯರು ನಡೆದುಕೊಂಡ ರೀತಿಯೊಂದು ಇಲ್ಲಿ ಸ್ಮರಣೀಯ. 1638ರ ಶಾಸನವೊಂದು ಆ ಸಂಗತಿಯನ್ನು ತಿಳಿಸುತ್ತದೆ. ಹುಚ್ಚಪ್ಪದೇವರೆಂಬವರು ಅಲ್ಲಿನ ವಿಜಯ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದರು; ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಜಗಳವಾಗಬೇಕಾದ ಸಂದರ್ಭ. ಆದರೆ ಹಿರಿಯರು ಸೇರಿ ಮಾತನಾಡಿದರು. ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಬಳಿಕ ಜೈನರು ತಮ್ಮ ಪೂಜೆ ಉತ್ಸವಗಳನ್ನು ಎಂದಿನಂತೆ ನಡೆಸಿಕೊಳ್ಳಬಹುದೆಂದು ತೀರ್ಮಾನವಾಯಿತು. ಜೈನಧರ್ಮಕ್ಕೆ ಅಡ್ಡಿ ಮಾಡುವವನು ಶಿವದ್ರೋಹಿ, ಜಂಗಮದ್ರೋಹಿ ಎಂದು ವೀರಶೈವರ ಮಹಾಮಹತ್ತೇ ಒಪ್ಪಿ ಬರೆಸಿತು. ಪರರ ಗುಡಿಯ ಕಂಬಕ್ಕೆ ಮುದ್ರೆ ಒತ್ತಿದ್ದು ನಮ್ಮ ಕಡೆಯ ತಪ್ಪೆಂದೇ ನಾನು ತಿಳಿಯುತ್ತೇನೆ. ಒಪ್ಪಂದದ ಮೊದಲ ಷರತ್ತು ಬಲವಿದ್ದವರ ಕಡೆಗೆ ವಾಲಿತ್ತೆಂಬುದೂ ನಿಜ. ಆದರೂ ಬಲವಿದ್ದವರು ತಮಗೆ ತಾವೇ ಮಿತಿ ಹಾಕಿಕೊಂಡು, ನೆರೆಯವನನ್ನು ನೋಯಿಸುವುದು ಶಿವನಿಗೇ ದ್ರೋಹವೆಂದು ಕಲ್ಲಿನಲ್ಲಿ ಕೊರೆಸಿದ್ದು ಸಾಮಾನ್ಯವಲ್ಲ. ವಿಮಾನ ನಿಲ್ದಾಣದಲ್ಲಿ ನನ್ನ ಕರಡಿಗೆಯನ್ನು ಮುಟ್ಟದೆ ಹಿಂದೆ ಸರಿದ ಅಧಿಕಾರಿಯ ನಡೆಯಲ್ಲಿ ನನಗೆ ಕಂಡದ್ದು ಆ ವಿವೇಕವೇ. ಬಲವಿರುವವನು ಎರಡು ಹೆಜ್ಜೆ ಹಿಂದೆ ಸರಿದರೆ ಧರ್ಮಕ್ಕೆ ನಿಲ್ಲಲು ಅಷ್ಟು ಜಾಗ ಸಿಗುತ್ತದೆ.

ಮರಳುವ ಮುನ್ನ ಮಗನು ನನ್ನನ್ನು ಲಂಡನ್ನಿನ ಥೇಮ್ಸ್ ನದಿಯ ದಡಕ್ಕೆ ಕರೆದೊಯ್ದನು. ಲ್ಯಾಂಬೆತ್ ಪ್ರದೇಶದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆಯಿದೆ. ಅಲ್ಲಿನ ಮಾಜಿ ಮೇಯರ್, ಕಲಬುರಗಿಯ ಮೂಲದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪಿತವಾದ ಅದನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದರು. ವಿಭೂತಿ ಧರಿಸಿ, ನಮಸ್ಕರಿಸಿ, ಅಲ್ಲಿಯೇ ಬೆಂಚಿನ ಮೇಲೆ ಕುಳಿತೆನು. ಓಡುವವರು, ನಾಯಿ ಹಿಡಿದು ನಡೆಯುವವರು ಹಾದುಹೋಗುತ್ತಿದ್ದರು. ಒಬ್ಬ ವೃದ್ಧನು ನಿಂತು, ಫಲಕವನ್ನು ಓದಿ, ನನ್ನ ಹಣೆಯನ್ನು ನೋಡಿ, "ಇವರು ನಿಮ್ಮವರೇ?" ಎಂದು ಕೇಳಿದನು. ಹೌದೆಂದು ಹೇಳಲು ಬಾಯಿ ತೆರೆದವನು ಒಂದು ಕ್ಷಣ ತಡೆದೆ. ಬಸವಣ್ಣನವರು ನಮ್ಮವರು ಎಂದು ಹೇಳುವುದು ಸುಲಭ. ನಾವು ಬಸವಣ್ಣನವರಿಗೆ ನಮ್ಮವರೆನಿಸಿದ್ದೇವೆಯೇ? ಆ ಹೊತ್ತಿಗೆ "ಹೌದು" ಎಂದೆ. ಆದರೆ ಆ ಉತ್ತರ ಇನ್ನೂ ನನ್ನ ಮೇಲಿನ ಸಾಲವಾಗಿಯೇ ಉಳಿದಿದೆ.

ನನ್ನ ಅಭಿಪ್ರಾಯವಿಷ್ಟು. ಪರದೇಶದಲ್ಲಿ ನಮ್ಮ ಮಕ್ಕಳು ಕಾಣುವ ಒಳಿತನ್ನು ನಾವು ಬರಿಯ ಮಾತಿನ ಸರಕಾಗಿ ತಂದರೆ ಪ್ರಯೋಜನವಿಲ್ಲ. ಅಲ್ಲಿ ನಮಗೆ ಸಿಕ್ಕ ಗೌರವವನ್ನು ಇಲ್ಲಿಗೆ ಬಂದ ಪರಊರಿನವರಿಗೆ ಸಲ್ಲಿಸಿದಾಗಲೇ ಅದರ ಋಣ ತೀರುವುದು. ನಮ್ಮ ಮಗನು ಅಲ್ಲಿ ಯಾರ ಕಣ್ಣಿಗೆ ಪರದೇಶಿಯೋ, ಅಸ್ಸಾಮಿನ ತಾಯಿಯೊಬ್ಬಳ ಮಗನು ಇಲ್ಲಿ ನಮ್ಮ ಕಣ್ಣಿಗೆ ಹಾಗೆಯೇ. ಮಗನಿಗೆ ಅಲ್ಲಿ ಮನೆ ಬಾಡಿಗೆಗೆ ಸಿಗದಿದ್ದರೆ, ಯಾರಾದರೂ ಅವನ ಹೆಸರನ್ನು ಕೆಡಿಸಿ ನಕ್ಕರೆ ನಮಗೆ ನಿದ್ದೆ ಬರುವುದಿಲ್ಲ. ಆ ತಾಯಿಯೂ ನಿದ್ದೆಗೆಡುವುದಿಲ್ಲವೇ?

ಕೆಲವರು ಹೇಳಬಹುದು: "ಅವರು ಕೂಲಿಗೆ ಬಂದವರು, ಕೂಲಿ ಕೊಡುತ್ತೇವೆ, ಇನ್ನೇನು ಬೇಕು?" ನಮ್ಮ ಮಕ್ಕಳೂ ಪರದೇಶಕ್ಕೆ ಹೋಗಿರುವುದು ಸಂಬಳಕ್ಕಾಗಿಯೇ. ಸಂಬಳದ ಜೊತೆಗೆ ಮರ್ಯಾದೆಯೂ ಬೇಕೆಂದು ನಾವು ಬಯಸುವುದಿಲ್ಲವೇ? ಇನ್ನು ಕೆಲವರು, "ಅವರ ಭಾಷೆ ನಮಗೆ ಬಾರದು" ಎನ್ನುವರು. ಸೌರಾಷ್ಟ್ರದ ಆದಯ್ಯನು ಕನ್ನಡದಲ್ಲಿ ವಚನ ರಚಿಸಿದನೆಂದರೆ, ಯಾರೋ ಪುಲಿಗೆರೆಯವರು ಅವನೊಡನೆ ಕುಳಿತು ಮಾತನಾಡಿದ್ದರಿಂದಲೇ ಅಲ್ಲವೇ? ಭಾಷೆ ಬಾರದೆಂದು ಅಂದು ಅವನನ್ನು ದೂರವಿಟ್ಟಿದ್ದರೆ ನಮ್ಮ ವಚನಭಂಡಾರವೇ ಬಡವಾಗುತ್ತಿತ್ತು. ಮತ್ತೂ ಕೆಲವರು, "ಯಾರು ಹೇಗೋ, ನಂಬುವುದು ಹೇಗೆ?" ಎನ್ನುವರು. ಎಚ್ಚರ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಹೆಸರೇ ತಿಳಿಯದವನಿಗಿಂತ ಹೆಸರು, ಊರು, ಮನೆಯವರನ್ನು ಅರಿತವನನ್ನು ನಂಬುವುದು ಸುಲಭ.

ಆದುದರಿಂದ ಭಕ್ತರಲ್ಲಿ ಮೂರು ಬಿನ್ನಹಗಳು. ತೋಟ, ಗದ್ದೆ, ಅಂಗಡಿ, ಕಟ್ಟಡಗಳಲ್ಲಿ ಕೆಲಸಕ್ಕೆ ಬಂದವರ ಹೆಸರನ್ನು ಕೇಳಿ, ಸರಿಯಾಗಿ ಉಚ್ಚರಿಸಲು ಕಲಿತು, ಲೆಕ್ಕದ ಪುಸ್ತಕದಲ್ಲಿ ಒಬ್ಬೊಬ್ಬರ ಹೆಸರನ್ನೂ ಬರೆಯಿರಿ. ಅವರಿಗೆ ನೀರು, ಚಹಾ ಕೊಡುವ ಲೋಟವು ನಿಮ್ಮ ಲೋಟದ ಗೂಡಿನಲ್ಲಿಯೇ ಇರಲಿ. ಸುಗ್ಗಿಯ ತಿಂಗಳುಗಳಲ್ಲಿ ಒಂದು ಸೋಮವಾರವಾದರೂ ಅವರನ್ನು ಮಠದ ದಾಸೋಹಕ್ಕೆ ಕರೆತಂದು, ನಿಮ್ಮ ಪಂಕ್ತಿಯಲ್ಲಿ, ನಿಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳಿ. ಪರದೇಶದಲ್ಲಿರುವ ಭಕ್ತರ ಮಕ್ಕಳಿಗೂ ಒಂದು ಮಾತು: ನೀವಿರುವ ಊರಿನಲ್ಲಿ ವಾರಕ್ಕೊಂದು ಗಂಟೆ, ಬಾಗಿಲು ತಟ್ಟುವವರಿಲ್ಲದ ಒಬ್ಬ ಮುದುಕಿಯ ಬಾಗಿಲನ್ನು ತಟ್ಟಿರಿ. ಅದೂ ಕಾಯಕವೇ, ಅದೂ ಜಂಗಮಸೇವೆಯೇ.

ಊರಿಗೆ ಮರಳಿದ ನಾಲ್ಕನೆಯ ದಿನವೇ ನಾನು ತೋಟಕ್ಕೆ ಹೋದೆನು. ಅರಸೀಕೆರೆಯಿಂದ ಹೊರಟಾಗಿನಿಂದ ಕೇಳಬೇಕಾದ ಪ್ರಶ್ನೆಯನ್ನು ಹಿಂದಿಯಲ್ಲಿ ಮನಸ್ಸಿನಲ್ಲಿಯೇ ಹೇಳಿಕೊಳ್ಳುತ್ತಿದ್ದೆ. ಹಣ್ಣು ಕೊಯ್ಲು ಆರಂಭವಾಗಿತ್ತು. ತಕ್ಕಡಿಯ ಬಳಿ ಬೇರೊಬ್ಬನು ನಿಂತಿದ್ದನು. ಆ ಹುಡುಗ ಈ ವರ್ಷ ಬಂದಿಲ್ಲವೆಂದು ಮೇಸ್ತ್ರಿ ಹೇಳಿದನು. ಎಲ್ಲಿರುವನೆಂದು ಕೇಳಿದರೆ ತಿಳಿಯದು ಎಂದನು. ಹೆಸರೇನೆಂದು ಕೇಳಿದೆ. ಮೇಸ್ತ್ರಿ ತಲೆ ಕೆರೆದುಕೊಂಡು, "ಯಾವ ಬಾಯ್, ಸ್ವಾಮಿ? ಹಂಗೆ ಕರೆಯೋರು ಹತ್ತು ಜನ ಅವ್ರೆ" ಎಂದನು.

ಅಂದು ಸಂಜೆ ಲೆಕ್ಕದ ಪುಸ್ತಕದಲ್ಲಿ ಹೊಸದೊಂದು ಪುಟ ತೆರೆದು, ಲೈನ್ ಮನೆಗಳ ಮುಂದೆ ಕುರ್ಚಿ ಹಾಕಿಕೊಂಡು ಕುಳಿತೆನು. ಹದಿನೇಳು ಜನರು ಒಬ್ಬೊಬ್ಬರಾಗಿ ಬಂದು ತಮ್ಮ ಹೆಸರು ಹೇಳಿದರು. ಕೆಲವನ್ನು ಮೂರು ಬಾರಿ ಹೇಳಿಸಿಕೊಳ್ಳಬೇಕಾಯಿತು. ಅವರು ನಕ್ಕರು, ನಾನೂ ನಕ್ಕೆ. ಕೊನೆಯಲ್ಲಿ ಒಂದು ಸಾಲನ್ನು ಖಾಲಿ ಬಿಟ್ಟಿದ್ದೇನೆ. ಆ ಸಾಲು ಯಾರದೆಂದು ನನಗೆ ಗೊತ್ತು, ಶಿವನಿಗೆ ಗೊತ್ತು. ಅವನು ಈಗ ಯಾವ ಊರಿನಲ್ಲಿ ಯಾರಿಗೆ ಕೈ ಕೊಟ್ಟು ಮೆಟ್ಟಿಲು ಹತ್ತಿಸುತ್ತಿರುವನೋ, ಅಲ್ಲಿನವರಾದರೂ ಅವನ ಹೆಸರನ್ನು ಕೇಳಿರಲಿ ಎಂದು ನಿತ್ಯ ಪೂಜೆಯಲ್ಲಿ ಬೇಡಿಕೊಳ್ಳುತ್ತೇನೆ.